ಫ್ರಾಂಚೈಸಿ ಬಿಟ್ಟ ಮೇಲೆ ನಾನು ದುಡ್ಡು ಕೊಟ್ಟು ಮಾಡ್ಸಿದ ಮೆನು, ಫೋಟೋ ಯಾರದ್ದು?

ಬೆಣ್ಣೆ_ಖಾಲಿ:
ಎಲ್ರಿಗೂ ನಮಸ್ಕಾರ. ಬೆಣ್ಣೆ ದೋಸೆ ಬ್ರಾಂಚ್‌ಗಳಿರೋ ಒಂದು ಕಂಪನಿದು (ಹೆಸರು ಬೇಡ ಬಿಡಿ) ಫ್ರಾಂಚೈಸಿ (ಅವ್ರ ಹೆಸ್ರಲ್ಲಿ ಹೋಟ್ಲು ನಡೆಸೋ ಲೈಸೆನ್ಸು) ತಗೊಂಡು ತುಮಕೂರಲ್ಲಿ ಮೂರು ವರ್ಷ ನಡೆಸ್ದೆ, ಹೋದ ತಿಂಗಳು ಬಿಟ್ಟೆ. ಅವ್ರು ಕೊಟ್ಟಿದ್ದ ಮೆನು ಪೂರ್ತಿ ಇಂಗ್ಲಿಷಲ್ಲಿತ್ತು, ನಮ್ಮ ಗಿರಾಕಿಗಳಿಗೆ ಆಗ್ಬರಲ್ಲ ಅಂತ ಕನ್ನಡದಲ್ಲಿ ಹೊಸ ಕಾರ್ಡು, ಗೋಡೆ ಬೋರ್ಡು ಎಲ್ಲಾ ಒಬ್ಬ ಡಿಸೈನರ್ ಹುಡುಗನ ಕೈಲಿ ಮಾಡಿಸ್ದೆ, ದೋಸೆ ಫೋಟೋಗೆ ಫೋಟೋಗ್ರಾಫರ್‌ನ ಕರೆಸ್ದೆ, ಎಲ್ಲಾ ನನ್ನ ಜೇಬಿಂದಾನೆ. ಈಗ ಅದೇ ಫೋಟೋ ಅವ್ರ ಬೇರೆ ಬ್ರಾಂಚಲ್ಲಿ, ಇನ್‌ಸ್ಟಾದಲ್ಲಿ ಓಡ್ತಿದೆ, ನಾನು ಸ್ವಂತ ಹೆಸ್ರಲ್ಲಿ ಹೋಟ್ಲು ಶುರು ಮಾಡೋಣ ಅಂದ್ರೆ ಫೋಟೋ ಮೆನು ಚಟ್ನಿ ರೆಸಿಪಿ ಯಾವ್ದೂ ಮುಟ್ಟಂಗಿಲ್ಲ ಅಂತ ನೋಟಿಸು. ದುಡ್ಡು ಕೊಟ್ಟೋನು ನಾನು, ಅದು ಅವ್ರದ್ದು ಹೆಂಗಾಗುತ್ತೆ?

ಕರಿಕೋಟು:
ಫೋಟೋ ಬೇರೆ, ಡಿಸೈನ್ ಬೇರೆ ಸಾರ್, ಒಂದೇ ಗಂಟು ಕಟ್ಬೇಡಿ. 1957ರ ಕಾಪಿರೈಟ್ ಆಕ್ಟ್ ಸೆಕ್ಷನ್ 17 ನೋಡಿ. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಮಾತು ಆಗಿಲ್ದಿದ್ರೆ, ತೆಗೆಸಿದೋರೇ ಮೊದಲ ಓನರ್. ಪೇಂಟಿಂಗ್, ಸಿನಿಮಾಕ್ಕೂ ಹಂಗೇ. ಆದ್ರೆ ಆ ಲಿಸ್ಟಲ್ಲಿ ಗ್ರಾಫಿಕ್ ಡಿಸೈನ್ ಇಲ್ಲ, ಹೊರಗಿನ ಡಿಸೈನರ್ ಮಾಡಿಕೊಟ್ರೆ ಕಾಪಿರೈಟ್ ಅವನದ್ದೇ, ಸಹಿ ಹಾಕಿ ಬರೆದುಕೊಟ್ರೆ ಮಾತ್ರ ನಿಮ್ಗೆ ಬರೋದು. ನಿಮ್ಮ ಸಂಬಳದ ಕೆಲಸಗಾರ ಆಗಿದ್ದು ಅದೇ ಅವನ ಕೆಲಸ ಆಗಿದ್ರೆ ನಿಮ್ದಾಗ್ತಿತ್ತು. ಅಗ್ರಿಮೆಂಟಲ್ಲಿ ಏನಿದೆ ಅದು ಹೇಳಿ ಮೊದ್ಲು.

ಪಿಕ್ಸೆಲ್_ಪುಟ್ಟ:
ನಾನೂ ಡಿಸೈನರ್ರೇ. ಬಿಲ್ ಕ್ಲಿಯರ್ ಆಗ್ತಿದ್ದಂಗೆ ಓಪನ್ ಫೈಲ್ (ತಿದ್ದೋಕಾಗೋ ಮೂಲ ಫೈಲು) ಕಳ್ಸಿ ಅಂತಾರೆ ಎಲ್ರೂ, ರೈಟ್ಸ್ ಬಗ್ಗೆ ಒಂದು ಸಾಲು ಬರ್ಕೊಳ್ಳೋಣ ಅಂದ್ರೆ ನಂಬಿಕೆ ಇಲ್ವಾ ಅಂತ ಮುಖ ಊದಿಸ್ಕೊಳ್ತಾರೆ 😄 ಆ ಹುಡುಗನ್ನ ಕರೆದು ಒಂದು ಕಾಫಿ ಕುಡಿಸಿ, ಬರೆಸ್ಕೊಳ್ಳಿ ಅಣ್ಣ.

ಎರಡನೇ_ಡೋಸ್_ಕಾಫಿ:
ನಾನೂ ಒಂದು ಫ್ರಾಂಚೈಸಿ ಬಿಟ್ಟೋನೆ. ರೆಸಿಪಿಗೆ ಹೆದರ್ಬೇಡಿ, ಕಾಯಿ ಎಷ್ಟು ಹಸಿಮೆಣಸು ಎಷ್ಟು ಅನ್ನೋದಕ್ಕೆ ಕಾಪಿರೈಟ್ ಇಲ್ಲ, ಅವ್ರ ಮ್ಯಾನ್ಯುಯಲ್‌ನಲ್ಲಿ ಬರೆದಿರೋ ವಾಕ್ಯಕ್ಕೆ, ಚಿತ್ರಕ್ಕೆ ಇದೆ, ಅದನ್ನ ಜೆರಾಕ್ಸ್ ಮಾಡಿ ಅಡಿಗೆ ಮನೇಲಿ ಅಂಟಿಸ್ಬೇಡಿ ಅಷ್ಟೆ. ಆದ್ರೆ ಗುಟ್ಟು ಕಾಪಾಡ್ತೀನಿ ಅಂತ ಸಹಿ ಹಾಕಿದ್ರೆ ಅದು ಬೇರೆ ತಲೆನೋವು. ಇನ್ನೊಂದು, ಹೊಸ ಹೋಟ್ಲಲ್ಲಿ ಸಿನಿಮಾ ಹಾಡು ಹಾಕೋಕೂ ಲೈಸೆನ್ಸ್ ಬೇಕು, ನಾನು ಮನೆ ಸ್ಪೀಕರ್ ತಂದಿಟ್ಟು ಸಿಕ್ಕಾಕೊಂಡಿದ್ದೆ.

ಬೆಣ್ಣೆ_ಖಾಲಿ:
@ಕರಿಕೋಟು ಅಗ್ರಿಮೆಂಟ್ ಈಗ ಬಿಚ್ಚಿ ನೋಡ್ದೆ ಸಾರ್, ಸಹಿ ಹಾಕೋವಾಗ ಓದಿರ್ಲಿಲ್ಲ ನಿಜ ಹೇಳ್ಬೇಕಂದ್ರೆ. ಫ್ರಾಂಚೈಸಿ ತಗೊಂಡೋರು ತಯಾರಿಸೋ ಎಲ್ಲಾ ಪ್ರಚಾರ ಸಾಮಗ್ರಿಯ ಹಕ್ಕು ಕಂಪನಿಗೆ ಸೇರತಕ್ಕದ್ದು ಅಂತಿದೆ. ಎಷ್ಟು ವರ್ಷ ಅಂತ ಏನೂ ಇಲ್ಲ.

ಕರಿಕೋಟು:
ಹೋಯ್ತು ಫೋಟೋ 🙂 ಮುಂದೆ ಹುಟ್ಟೋ ಕೃತಿನೂ ಈಗ್ಲೇ ಬರೆದುಕೊಡ್ಬೋದು, ಸೆಕ್ಷನ್ 18. ಆದ್ರೆ ಸೆಕ್ಷನ್ 19ರ ಪ್ರಕಾರ ಅವಧಿ ಬರೀದಿದ್ರೆ 5 ವರ್ಷಕ್ಕಷ್ಟೇ, ಜಾಗ ಬರೀದಿದ್ರೆ ಭಾರತಕ್ಕಷ್ಟೇ. ಯಾವ ಕೃತಿ, ಯಾವ ಹಕ್ಕು ಅಂತ ಬಿಡಿಸಿ ಬರೀಬೇಕು ಅಂತಾನೂ ಅಲ್ಲೇ ಇದೆ, ಹಂಗಾಗಿ "ಎಲ್ಲಾ ಸಾಮಗ್ರಿ" ಅನ್ನೋ ಒಂದೇ ಸಾಲು ಸಾಕಾಗುತ್ತಾ ಅಂತ ನಿಮ್ಮ ಲಾಯರ್ ಜಗ್ಗಾಡ್ಬೋದು. ಮೆನು ಡಿಸೈನ್ ವಿಷ್ಯ ಮಜಾ ಇದೆ, ನಿಮ್ದೇ ಅಲ್ಲದ್ದನ್ನ ನೀವು ಕಂಪನಿಗೆ ಕೊಡೋದು ಹೆಂಗೆ? ಅದಿನ್ನೂ ಆ ಹುಡುಗನ ಹತ್ರಾನೇ ಇದೆ. ಆದ್ರೆ ಅವ್ರ ಇಂಗ್ಲಿಷ್ ಮೆನುಲಿದ್ದ ವರ್ಣನೆಗಳನ್ನ ನೀವು ಕನ್ನಡಕ್ಕೆ ಇಳಿಸಿದ್ರೆ ಅನುವಾದದ ಹಕ್ಕು ಅವ್ರದ್ದು, ಆ ಸಾಲುಗಳು ತೆಗೀರಿ. "ಖಾಲಿ ದೋಸೆ" ಅನ್ನೋ ಹೆಸ್ರಿಗೆ ಯಾರಪ್ಪನ ಕಾಪಿರೈಟೂ ಇಲ್ಲ. ಲೋಗೋ ಮಾತ್ರ ಒಂದು ಕಪ್ಪಿನ ಮೇಲೂ ಉಳೀಬಾರ್ದು, ಅದು ಟ್ರೇಡ್‌ಮಾರ್ಕ್, ಲೈಸೆನ್ಸ್ ಮುಗೀತು ಅಂದ್ರೆ ಮುಗೀತು.

ಬೆಣ್ಣೆ_ಖಾಲಿ:
ಲೋಗೋ ಇರೋ ಕಾಫಿ ಕಪ್ಪು ಇನ್ನೂ ನಾಲ್ಕು ಡಬ್ಬ ಉಳ್ದಿದೆ ಸಾರ್ 😭 ಹುಡುಗನಿಗೆ ಫೋನ್ ಮಾಡಿದೀನಿ, ನಾಳೆ ಬರ್ತಾನಂತೆ.