11 ವರ್ಷದ ಸಂಪಾದಕಗಿರಿ ಮುಗಿಯಿತು. ಕೊನೆಯ ಸಂಪಾದಕೀಯದಲ್ಲಿ ಹಳೆಯ ತಪ್ಪೊಂದನ್ನು ಬರೆಯಲೋ ಬೇಡವೋ?

ಮಣ್ಣಗುಡ್ಡದ ಡಾಕ್ಟ್ರು:

ನಮಸ್ಕಾರ. ವೈದ್ಯರ ಸಂಘವೊಂದು ಮೂರು ತಿಂಗಳಿಗೊಮ್ಮೆ ತರುವ ಸಣ್ಣ ಮೆಡಿಕಲ್ ಜರ್ನಲ್‌ಗೆ ನಾನು 11 ವರ್ಷ ಸಂಪಾದಕ. ಹೆಸರು ಹೇಳುವುದಿಲ್ಲ, ಹೇಳಿದರೂ ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಮುಂದಿನ ಸಂಚಿಕೆ ನನ್ನ ಕೊನೆಯದು. ಕಣ್ಣು ಮೊದಲಿನ ಹಾಗಿಲ್ಲ, ಊಟದ ಮೇಜಿನ ಮೇಲಿನ ಕಾಗದದ ಕಟ್ಟು ನೋಡಿ ಮನೆಯವರಿಗೂ ಸಾಕಾಗಿದೆ.

ಸಂಪಾದಕ ಅಂದರೆ ಏನೋ ದೊಡ್ಡ ವಿಜ್ಞಾನ ನಡೆಸುತ್ತಾನೆ ಅಂತ ಜನ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಮುಕ್ಕಾಲು ಪಾಲು ಕೆಲಸ ಬೇರೆಯವರಿಗೆ ನೆನಪು ಮಾಡುವುದು. ರಿವ್ಯೂ ಮಾಡುತ್ತೇನೆ ಅಂತ ಒಪ್ಪಿಕೊಂಡು ಎರಡು ತಿಂಗಳು ಮಾಯವಾದವರಿಗೆ ಮೇಲ್, ಫೋಟೋ ಕಳಿಸದ ಲೇಖಕರಿಗೆ ಫೋನ್, ಕ್ಲಿನಿಕ್ ಮುಗಿಸಿ ರಾತ್ರಿ ಒಂಬತ್ತೂವರೆಗೆ ಕೂತು ರೆಫರೆನ್ಸ್‌ಗಳ ಅಲ್ಪವಿರಾಮ ಸರಿಮಾಡುವುದು, ಅದೂ ಸಂಬಳ ಇಲ್ಲದೆ. ಆದರೂ ಖುಷಿ ಇತ್ತು. ಇಲಿಜ್ವರ, ಮಲೇರಿಯಾ, ಹಾವು ಕಡಿತ, ನಮ್ಮ ಕರಾವಳಿಯ ಕೇಸುಗಳನ್ನು ನಮ್ಮವರೇ ಬರೆದು ಕಳಿಸುತ್ತಿದ್ದರು.

2015ರ ಸೆಪ್ಟೆಂಬರ್‌ನಲ್ಲಿ ಎಂಸಿಐ, ಅಂದರೆ ಆಗಿನ ಭಾರತೀಯ ವೈದ್ಯಕೀಯ ಮಂಡಳಿಯ ಸುತ್ತೋಲೆ ಬಂತು. ಮೆಡಿಕಲ್ ಕಾಲೇಜಿನ ಅಧ್ಯಾಪಕರ ಪ್ರಮೋಷನ್ನಿಗೆ ಪೇಪರ್ ಬೇಕು, ಅದೂ ಮೊದಲ ಇಬ್ಬರು ಲೇಖಕರಿಗೆ ಮಾತ್ರ ಲೆಕ್ಕ, ಇ-ಜರ್ನಲ್ ನಡೆಯುವುದಿಲ್ಲ ಅಂತ. ನಮ್ಮದು ಅಚ್ಚಿನ ಪತ್ರಿಕೆ, ಅಲ್ವಾ? ಫೋನ್ ಶುರುವಾಯಿತು ನೋಡಿ. "ಸಾರ್, ಅಕ್ಸೆಪ್ಟೆನ್ಸ್ ಲೆಟರ್ ಮಾತ್ರ ಈಗ ಕೊಡಿ, ಲೇಖನ ಆಮೇಲೆ ಕಳಿಸುತ್ತೇನೆ" ಅಂತ ಒಬ್ಬರು ಕೇಳಿದ್ದರು. ತಮಾಷೆಗಲ್ಲ.

ಈಗ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಒಬ್ಬಳು ಪಿಜಿ ಹುಡುಗಿಯ ಲೇಖನ ಬಂತು. ಇಲಿಜ್ವರದ ಮೇಲೆ. ಮಳೆಗಾಲವಿಡೀ ವಾರ್ಡಿನಲ್ಲಿ ಕೇಸ್ ಬರೆದುಕೊಂಡು, ರಜೆ ದಿನ ರೋಗಿಗಳ ಮನೆಗೇ ಹೋಗಿ, ಗದ್ದೆಗೆ ಇಳಿಯುವಾಗ ಕಾಲಲ್ಲಿ ಗಾಯ ಇತ್ತಾ, ತೋಟದ ಕಣಿಯ ನೀರಲ್ಲಿ ಎಷ್ಟು ಹೊತ್ತು ನಿಂತಿದ್ದಿರಿ ಅಂತೆಲ್ಲ ಕೇಳಿ ಮಾಡಿದ ಕೆಲಸ. ಅವಳ ಹೆಸರು ಮೊದಲು ಇತ್ತು. ಅಚ್ಚಿಗೆ ಹೋಗುವ ವಾರ ಲೇಖಕರ ಹೆಸರಿನ ಹೊಸ ಫಾರಂ ಬಂತು. ವಿಭಾಗದ ಮುಖ್ಯಸ್ಥರು ಮೊದಲು, ಇನ್ನೊಬ್ಬರು ಎರಡನೆಯವರು, ಅವಳು ಮೂರನೆಯವಳು. ಎಲ್ಲರ ಸಹಿ ಇತ್ತು, ಅವಳದ್ದೂ. ನನಗೆ ಅರ್ಥವಾಗಲಿಲ್ಲ ಅಂತಲ್ಲ. ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಆ ಮುಖ್ಯಸ್ಥರು ನನ್ನ ಪರಿಚಯದವರು, ಸಂಚಿಕೆಯೂ ತಡವಾಗಿತ್ತು.

ಕೊನೆಯ ಸಂಪಾದಕೀಯದಲ್ಲಿ ಇದನ್ನು ಹೆಸರಿಲ್ಲದೆ ಬರೆದು ಕ್ಷಮೆ ಕೇಳಬೇಕು ಅಂತ ಮನಸ್ಸು. ಬರೆಯಲೇ?

ರೆಫರೀ ನಂ. 2:

ಸಾರ್, ಮೊದಲು ನನ್ನ ತಪ್ಪೊಪ್ಪಿಗೆ. ನಿಮ್ಮಂಥ ಸಂಪಾದಕರ "ಸವಿನಯ ಜ್ಞಾಪನೆ" ಮೇಲ್‌ಗಳನ್ನು ಓದದೆ ಹಾಗೇ ಇಟ್ಟವರಲ್ಲಿ ನಾನೂ ಒಬ್ಬ.

ನನ್ನ ಅಭಿಪ್ರಾಯ, ಬರೆಯಬೇಡಿ. ಹೆಸರಿಲ್ಲದೆ ಬರೆದರೆ ಜಿಲ್ಲೆಯ ಎಲ್ಲ ಮುಖ್ಯಸ್ಥರ ಮೇಲೂ ಸಂಶಯ, ಹೆಸರು ಹಾಕಿದರೆ ನಿಮ್ಮ ಮನೆಗೆ ಲಾಯರ್ ನೋಟಿಸ್. ಆ ಕಾಲದಲ್ಲಿ ಎಲ್ಲ ಕಡೆ ಇದೇ ನಡೆಯುತ್ತಿತ್ತು ಮಾರಾಯ್ರೆ. ಲೆಟರ್ ಕೇಳಿದವರ ಕತೆ ಬರೆಯಿರಿ, ಜನ ನಗುತ್ತಾರೆ. ಸುಮ್ನೆ ಯಾಕೆ ಹೋಗುವಾಗ ತಲೆನೋವು?

ಹಳೇ ಪಿಜಿ:

ನಾನು ಆ ಹುಡುಗಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಅಂಥದ್ದೇ ಫಾರಂಗೆ ನಾನೂ ಸಹಿ ಹಾಕಿದ್ದೇನೆ.

"ಅವಳದ್ದೂ ಸಹಿ ಇತ್ತು" ಅಂದಿರಲ್ಲ ಸಾರ್, ಆ ಸಹಿ ಹೇಗೆ ಬೀಳುತ್ತದೆ ಗೊತ್ತಾ? ಥೀಸಿಸ್‌ಗೆ ಸಹಿ ಮಾಡಬೇಕಾದವರು ಆ ಮುಖ್ಯಸ್ಥರೇ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎದುರು ಕೂರುವವರೂ ಅವರೇ. ರೌಂಡ್ಸ್ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಂತು, ಫೈಲಿನ ಮೇಲೆ ಕಾಗದ ಇಟ್ಟು, "ಇಲ್ಲೊಂದು ಹಾಕು" ಅನ್ನುತ್ತಾರೆ. ಓದಲಿಕ್ಕೂ ಬಿಡುವುದಿಲ್ಲ. ನಾನು ಹಾಕಿದೆ, ಥ್ಯಾಂಕ್ಯೂ ಸಾರ್ ಅಂತಲೂ ಹೇಳಿದೆ. ಅದೇ ಈಗಲೂ ಕೊರೆಯುವುದು.

ನೀವು ಕ್ಷಮೆ ಕೇಳಿದರೆ ನಿಮಗೆ ಹಗುರ ಆಗುತ್ತದೆ. ಅವಳಿಗೆ ಎಂತ ಸಿಗುತ್ತದೆ? ಅವಳು ಆ ಸಂಚಿಕೆ ನೋಡುತ್ತಾಳೋ ಇಲ್ಲವೋ. ಮೊದಲು ಅವಳನ್ನು ಕೇಳಿ. ಅವಳು ಬೇಡ ಅಂದರೆ ಬಿಟ್ಟುಬಿಡಿ, ಯಾಕೆಂದರೆ ಅವಳು ಈಗಲೂ ಅವರ ಕೈಕೆಳಗೇ ಇರಬಹುದು.

ಪ್ರೆಸ್ಸಿನ ಅಕ್ಕ, ಉಡುಪಿ:

ಡಾಕ್ಟ್ರೇ, ನೀವು ಯಾರು ಅಂತ ನನಗೆ ಗೊತ್ತಾಯಿತು. ಹೇಳುವುದಿಲ್ಲ ಬಿಡಿ. ಮಂಗಳೂರಿನಿಂದ ಪ್ರೂಫ್ ಕವರನ್ನು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿ, ಬಸ್ ಪಡುಬಿದ್ರಿ ದಾಟುವ ಮೊದಲೇ "ಬಂತಾ?" ಅಂತ ಫೋನ್ ಮಾಡುವವರು ಒಬ್ಬರೇ ಇದ್ದದ್ದು. ಪ್ರೂಫಿನಲ್ಲಿ ಗೋಳಿಬಜೆಯ ಎಣ್ಣೆ ಕಲೆ ಇರುತ್ತಿತ್ತು.

ಥೈರಾಕ್ಸಿನ್ ಸಂಚಿಕೆ ನೆನಪುಂಟಾ? ಬೇರೆಯವರಿಗೆ ಹೇಳುತ್ತೇನೆ, ಥೈರಾಕ್ಸಿನ್ ಅಂದರೆ ಥೈರಾಯ್ಡ್ ಮಾತ್ರೆ. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಸಿಂಬಲ್ ಫಾಂಟ್ ಹಾಕಿ ಎಂ ಒತ್ತಿದರೆ ಮೈಕ್ರೋ ಗುರುತು ಬರುತ್ತದೆ. ಆಮೇಲೆ ಇಡೀ ಪ್ಯಾರಾದ ಫಾಂಟ್ ಬದಲಿಸಿದರೆ ಅದು ವಾಪಸ್ ಎಂ ಆಗಿಬಿಡುತ್ತದೆ. ನಾನೇ ಬದಲಿಸಿದ್ದು. 100 ಮೈಕ್ರೋಗ್ರಾಂ ಹೋಗಿ 100 ಮಿಲಿಗ್ರಾಂ ಆಯಿತು, ಸಾವಿರ ಪಟ್ಟು! ಬೈಂಡಿಂಗ್ ಆದ ಮೇಲೆ ಕಣ್ಣಿಗೆ ಬಿತ್ತು. ಆಟಿ ತಿಂಗಳ ಮಳೆ, ಕಾಗದ ಎಲ್ಲ ಮೆತ್ತಗಾಗಿ ಗೋಂದು ಒಣಗುವುದಿಲ್ಲ. ನೀವು ಬಂದು ನಮ್ಮ ಜೊತೆ ನೆಲದ ಮೇಲೆ ಕೂತು ಒಂದೊಂದು ಪ್ರತಿಗೂ ತಿದ್ದುಪಡಿ ಚೀಟಿ ಅಂಟಿಸಿದಿರಿ. ಮುಂದಿನ ಸಂಚಿಕೆಯಲ್ಲಿ ಹಾಕುವ ಅಂತ ನಾನು ಹೇಳಿದ್ದಕ್ಕೆ, "ತಪ್ಪು ಓದುವವನು ಈ ಪುಟ ಓದುತ್ತಾನೆ, ಮುಂದಿನ ಸಂಚಿಕೆ ಅಲ್ಲ" ಅಂತ ಬೈದಿರಿ.

ಇದಕ್ಕೂ ಆ ಪುಟಕ್ಕೇ ಚೀಟಿ ಅಂಟಿಸಲು ಆಗುವುದಿಲ್ಲವಾ?

ಫಾರ್ಮಕಾಲಜಿ ರಿಟೈರ್ಡ್, ಮಣಿಪಾಲ:

ಅಕ್ಕ ಹೇಳಿದ್ದೇ ಸರಿ, ಅದಕ್ಕೆ ದಾರಿಯೂ ಇದೆ. ಎರಡು ವಿಷಯ ಬೇರೆ ಮಾಡಿಕೊಳ್ಳಿ. ಹೆಸರುಗಳ ಸಾಲನ್ನು ಸಂಪಾದಕ ತೀರ್ಮಾನ ಮಾಡುವ ಹಾಗಿಲ್ಲ, ಮೆಡಿಕಲ್ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ ಅದನ್ನು ಲೇಖಕರಿಗೇ ಬಿಟ್ಟಿದೆ. ಯಾರು ಲೇಖಕರು ಎನ್ನುವುದಕ್ಕೆ ಮಾತ್ರ ಅವರ ಷರತ್ತುಗಳಿವೆ. ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದು ಅಥವಾ ತಿದ್ದುವುದು, ಕೊನೆಯ ಪ್ರತಿಗೆ ಒಪ್ಪಿಗೆ, ಮತ್ತೆ 2013ರಲ್ಲಿ ಸೇರಿದ ನಾಲ್ಕನೆಯದು, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇರಬೇಕು. ವಿಭಾಗದ ಮೇಲ್ವಿಚಾರಣೆ ಮಾಡಿದೆ ಅಂದರೆ ಸಾಲದು. ಅಂಥವರಿಗೆ ಕೊನೆಯಲ್ಲಿ ಒಂದು ಕೃತಜ್ಞತೆ ಸಾಲು ಸಾಕು.

ಪ್ರಕಟವಾದ ಮೇಲೆ ಪಟ್ಟಿ ಬದಲಿಸಬೇಕಾದರೆ ಎಲ್ಲ ಲೇಖಕರ ಒಪ್ಪಿಗೆ ಪಡೆದು ತಿದ್ದುಪಡಿ ಹಾಕಬೇಕು. ಒಪ್ಪದಿದ್ದರೆ ಕಾಲೇಜಿಗೆ ಬರೆದು ತನಿಖೆ ಕೇಳಬೇಕು, ನೀವೇ ನ್ಯಾಯಾಧೀಶರಾಗಬಾರದು. 1997ರಲ್ಲಿ ಶುರುವಾದ ಕೋಪ್ ಅನ್ನುವ ಸಂಪಾದಕರ ಸಮಿತಿ ಹೇಳುವುದೂ ಇದನ್ನೇ. ತಿದ್ದುಪಡಿ ಮೂಲ ಲೇಖನದ ಜೊತೆಗೇ ಅಂಟಿಕೊಂಡಿರುತ್ತದೆ, ವೆಬ್‌ಸೈಟಿನಲ್ಲೂ ಲಿಂಕ್ ಇರುತ್ತದೆ. ವಿದಾಯದ ಸಂಪಾದಕೀಯವನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ ಹೇಳಿ.

ತಡವಾಯಿತು ಅಂತ ಬಿಡಬೇಡಿ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಲೇಖನ ಬ್ರಿಟನ್ನಿನ ಮೆಡಿಕಲ್ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಬಂದದ್ದು 1998ರಲ್ಲಿ. 2004ರಲ್ಲಿ 10 ಸಹಲೇಖಕರು ಆ ತೀರ್ಮಾನದಿಂದ ಹಿಂದೆ ಸರಿದರು. ಪತ್ರಿಕೆ ಲೇಖನವನ್ನು ಪೂರ್ತಿ ಹಿಂತೆಗೆದದ್ದು 2010ರಲ್ಲಿ. ನಿಮ್ಮದು ಅದರ ಮುಂದೆ ಚಿಕ್ಕದು, ಆದರೆ ಕುರ್ಚಿ ಬಿಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಈಗಲೇ ಮಾಡಿ.

ಮಣ್ಣಗುಡ್ಡದ ಡಾಕ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಗೋಳಿಬಜೆ ವಿಷಯ ಇಲ್ಲಿ ಬರೆಯಬೇಕಿತ್ತಾ?

ಕಪಾಟು ಜಾಲಾಡಿ 2016ರ ಫೈಲ್ ತೆಗೆದೆ. ಎರಡೂ ಫಾರಂ ಇವೆ. ಮೊದಲನೆಯದರಲ್ಲಿ ಅವಳ ಸಹಿ ಪೂರ್ತಿ ಹೆಸರಿನದು, ಎರಡನೆಯದರಲ್ಲಿ ಬರೀ ಇನಿಶಿಯಲ್. ಅವತ್ತು ಇದನ್ನು ನೋಡಿಯೇ ಇರಲಿಲ್ಲ.

ನಿನ್ನೆ ಸಂಜೆ ಫೋನ್ ಮಾಡಿದೆ. ಅವಳು ಈಗ ಬೇರೆ ಜಿಲ್ಲೆಯಲ್ಲಿದ್ದಾಳೆ. ಹೆಸರು ಹೇಳಿದ ತಕ್ಷಣ ಗುರುತು ಹಿಡಿದಳು. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಪೇಪರನ್ನು ನಾನು ನನ್ನ ಬಯೋಡೇಟಾದಲ್ಲಿ ಹಾಕಿಯೇ ಇಲ್ಲ ಸಾರ್" ಅಂದಳು. ತಿದ್ದುಪಡಿ ಕೇಳಬೇಕೋ ಬೇಡವೋ ಅಂತ ಯೋಚಿಸಲು ಒಂದು ವಾರ ಕೇಳಿದ್ದಾಳೆ. ಅಲ್ಲಿಯವರೆಗೆ ಸಂಚಿಕೆ ತಡೆದಿದ್ದೇನೆ, ಸಂಘದವರು ಏನಾದರೂ ಹೇಳಿಕೊಳ್ಳಲಿ. ಸಂಪಾದಕೀಯದಿಂದ ಆ ಪ್ಯಾರಾ ತೆಗೆದಿದ್ದೇನೆ. ಎರಡೂ ಫಾರಂಗಳ ಪ್ರತಿ ಮುಂದಿನ ಸಂಪಾದಕರ ಫೈಲಿಗೆ ಹೋಗುತ್ತದೆ.

ಫೋನ್ ಇಡುವ ಮೊದಲು ಅವಳು ಹೇಳಿದ್ದು: "ತಿದ್ದುವುದೇ ಆದರೆ ಎರಡನೇ ಟೇಬಲ್ಲಿನಲ್ಲೂ ಒಂದು ತಪ್ಪು ಉಂಟು ಸಾರ್, ಕೂಡಿಸಿ ನೋಡಿ."

ಕೂಡಿಸಿದೆ. ಕೊನೆಯ ಕಾಲಂನಲ್ಲಿ ಇಬ್ಬರು ರೋಗಿಗಳು ಕಡಿಮೆ ಬರುತ್ತಾರೆ. ಇಬ್ಬರು ರಿವ್ಯೂ ಮಾಡಿದ್ದರು, ನಾನು ಮೂರು ಸಲ ಪ್ರೂಫ್ ನೋಡಿದ್ದೆ.