ಬಿಟ್‌ಕಾಯಿನ್ ವ್ಯವಹಾರ ಜಾಯಿಜ್ (ಧರ್ಮಸಮ್ಮತ) ಆಗುತ್ತದೆಯೇ? ಅನುಭವವುಳ್ಳವರು ತಿಳಿಸಿ

ಸಿಂಧನೂರಿನಿಂದ:
ಅಸ್ಸಲಾಮು ಅಲೈಕುಮ್. ಭತ್ತ ಮಾರಿ ದಲ್ಲಾಳಿ ಅಂಗಡಿಯಿಂದ ಬಂದ ಹಣದಲ್ಲಿ ಖರ್ಚು ಕಳೆದು ಉಳಿದದ್ದನ್ನು ಬಿಟ್‌ಕಾಯಿನ್‌ಗೆ ಹಾಕೋಣ ಎಂದು ತಮ್ಮ ಹೇಳುತ್ತಾನೆ. ಇದು ಜೂಜು ಎಂದು ಅಬ್ಬಾ ಒಪ್ಪುತ್ತಿಲ್ಲ. ಷರೀಅತ್ ಏನು ಹೇಳುತ್ತದೆ?

ಬಳ್ಳಾರಿಯಿಂದ:
ವ ಅಲೈಕುಮ್ ಅಸ್ಸಲಾಮ್. ಭಾಯಿ, ಈ ವಿಷಯದಲ್ಲಿ ಉಲಮಾಗಳು (ಧರ್ಮವಿದ್ವಾಂಸರು) ಒಮ್ಮತಕ್ಕೆ ಬಂದಿಲ್ಲ. ಈಜಿಪ್ಟಿನ ಗ್ರ್ಯಾಂಡ್ ಮುಫ್ತಿಯಾಗಿದ್ದ ಶೌಕಿ ಅಲ್ಲಾಮ್ ಅವರು 2018ರ ಆರಂಭದಲ್ಲಿ ಇದನ್ನು ಹರಾಮ್ ಎಂದರು. ಮಲೇಷ್ಯಾದ ಷೇರುಪೇಟೆ ಆಯೋಗದ ಷರೀಅತ್ ಸಲಹಾ ಮಂಡಳಿ 2020ರಲ್ಲಿ ಷರತ್ತುಗಳೊಂದಿಗೆ ಅನುಮತಿಸಿತು. ಇಂಡೋನೇಷ್ಯಾದ ಉಲಮಾ ಮಂಡಳಿ 2021ರಲ್ಲಿ ಹಣವಾಗಿ ಬಳಸುವುದನ್ನು ಹರಾಮ್ ಎಂದು ಸಾರಿ, ಬೆಲೆಗೆ ಆಧಾರವಾಗುವ ಸ್ವತ್ತೂ ಸ್ಪಷ್ಟ ಪ್ರಯೋಜನವೂ ಇರುವ ಕ್ರಿಪ್ಟೋ ನಾಣ್ಯವನ್ನು ಮಾತ್ರ ಸರಕಿನಂತೆ ಮಾರಬಹುದೆಂದಿತು. ಆದ್ದರಿಂದ ನಿಮ್ಮ ಅಬ್ಬಾ ಅವರ ಆತಂಕವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ.

ಜೀನ್ಸ್ ಹೊಲಿಗೆಯ ಕೆಲಸದಲ್ಲಿರುವ ನಾನು ಇದೇ ಪ್ರಶ್ನೆಯನ್ನು ನಮ್ಮ ಮುಫ್ತಿ ಸಾಹೇಬರ ಮುಂದಿಟ್ಟಾಗ, ಅವರು ನಾಣ್ಯದ ಹೆಸರಿಗಿಂತ ಮೊದಲು ಕೇಳಿದ್ದು ಹಣ ಸಾಲದ್ದೋ ಸ್ವಂತದ್ದೋ, ಕೊಂಡದ್ದು ನಿಜವಾಗಿ ನಿಮ್ಮ ಕಬ್ಜಾಕ್ಕೆ ಬರುತ್ತದೆಯೋ ಎಂದು. ಫೋನಿನಲ್ಲಿ ಫ್ಯೂಚರ್ಸ್ (ನಾಣ್ಯ ಕೊಳ್ಳದೆ ಅದರ ಬೆಲೆಯ ಏರಿಳಿತದ ಮೇಲೆ ಮಾಡುವ ಒಪ್ಪಂದ) ಪುಟ ತೆರೆದು ತೋರಿಸಿದೆ. ಅಲ್ಲಿ ‘10 ಎಕ್ಸ್’ ಒತ್ತಿದರೆ ಹತ್ತು ಸಾವಿರ ರೂಪಾಯಿ ಇಟ್ಟು ಒಂದು ಲಕ್ಷದ ವ್ಯವಹಾರ ಮಾಡಬಹುದು, ಬೆಲೆ ಶೇ. 10ರ ಹತ್ತಿರ ಇಳಿದರೆ ಇಟ್ಟ ಹಣವೆಲ್ಲ ಹೋಗುತ್ತದೆ, ನಾಣ್ಯವಂತೂ ಒಂದು ಕ್ಷಣವೂ ನಮ್ಮದಾಗಿರುವುದಿಲ್ಲ. ತನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂಬ ಹದೀಸನ್ನು (ಪ್ರವಾದಿ ವಚನವನ್ನು) ನೆನಪಿಸಿ, ನಾಣ್ಯದ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಇದಕ್ಕೆ ದಾರಿಯೇ ಇಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ನನಗೂ ಅದೇ ಸರಿಯೆನಿಸುತ್ತದೆ. ನಮ್ಮ ಹುಡುಗರು ಹಣ ಕಳೆದುಕೊಳ್ಳುತ್ತಿರುವುದು ಹೆಚ್ಚಾಗಿ ಇಲ್ಲಿಯೇ.

ರಾಯಚೂರಿನಿಂದ:
ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಅನುಮತಿಸುವವರ ಮಾತನ್ನೇ ಹಿಡಿದು ಬಿಟ್‌ಕಾಯಿನ್ ಕೊಂಡರೂ ಜಕಾತ್ (ಸ್ವತ್ತಿನ ಮೇಲಿನ ಕಡ್ಡಾಯ ದಾನ) ಮರೆಯುವಂತಿಲ್ಲ. ಬೆಳ್ಳಿಯ ನಿಸಾಬ್ (ಜಕಾತ್ ಕಡ್ಡಾಯವಾಗುವ ಕನಿಷ್ಠ ಮಿತಿ) 612.36 ಗ್ರಾಂ; ಉಳಿದ ಸ್ವತ್ತಿನೊಂದಿಗೆ ಅಷ್ಟು ಬೆಳ್ಳಿಯ ಬೆಲೆ ಮುಟ್ಟಿದ್ದರೆ, ಚಾಂದ್ರಮಾನ ವರ್ಷ ತುಂಬಿದ ದಿನದ ದರ ಹಿಡಿದು ಶೇ. 2.5 ತೆಗೆಯಬೇಕು. ಸರ್ಕಾರಕ್ಕೆ ಕಟ್ಟುವ ತೆರಿಗೆ ಜಕಾತ್ ಆಗುವುದಿಲ್ಲ. ಆ ತೆರಿಗೆಯಾದರೂ 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ಇದೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ತಮ್ಮ ಈಗಾಗಲೇ ಫ್ಯೂಚರ್ಸ್ ಖಾತೆ ತೆರೆದಿದ್ದರೆ, ಭತ್ತದ ಹಣದ ಮಾತೆತ್ತುವ ಮೊದಲು ಅದನ್ನು ಮುಚ್ಚಿಸಿ.