ಆಫೀಸ್ ಕೆಲಸ ಬಿಟ್ಟು ಮನೆಯಿಂದ ಸಾರಿನ ಪುಡಿ ವ್ಯಾಪಾರ: ಮೊದಲು ಏನು ಮಾಡಬೇಕು?

ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆಯಿಂದಲೇ ಸಾರಿನ ಪುಡಿ, ಚಟ್ನಿಪುಡಿ ಮಾರುವ ಯೋಚನೆ ಇದೆ. ರಾಜೀನಾಮೆ ಕೊಡೋ ಮುಂಚೆ ಏನೇನು ಸಿದ್ಧವಿರಬೇಕು? ಸಾರಿನ ಪುಡಿ ತಿಂಗಳೊಳಗೆ ಗಂಟು ಕಟ್ಟುತ್ತಿದೆ, ಯಾಕೆ?

ಉತ್ತರ 1: ಗಂಟಿಗೆ ಕಾರಣ ತೇವ. ಬಿಸಿಯಿರುವಾಗಲೇ ತುಂಬಿದರೆ ಆವಿ ಡಬ್ಬಿಯೊಳಗೇ ನೀರಾಗುತ್ತೆ. ಬೀಸಿದ ಮೇಲೆ ಒಣ ಬಟ್ಟೆಯಲ್ಲಿ ಹರಡಿ, ಪೂರ್ತಿ ಆರಲಿ. ಕರಿಬೇವನ್ನೂ ನೋಡಿಕೊಳ್ಳಿ, ಹಿಸುಕಿದರೆ ಪುಡಿಯಾಗುವಷ್ಟು ಗರಿಗರಿಯಾಗಬೇಕು. ಅಳತೆ ಹೀಗಿಟ್ಟುಕೊಳ್ಳಬಹುದು: ಧನಿಯಾ ಅರ್ಧ ಕೆಜಿ, ಬ್ಯಾಡಗಿ ಮೆಣಸಿನಕಾಯಿ 250 ಗ್ರಾಂ, ಜೀರಿಗೆ 50, ಕಾಳುಮೆಣಸು 50, ಮೆಂತ್ಯ 25. ಒಂದೊಂದನ್ನೂ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಸೀದರೆ ಇಡೀ ಪುಡಿ ಕಹಿ, ಆಮೇಲೆ ಏನು ಬೆರೆಸಿದರೂ ಸರಿಹೋಗಲ್ಲ.

ಉತ್ತರ 2: ಚಟ್ನಿಪುಡಿಗೆ ಒಣಕೊಬ್ಬರಿ ಹಾಕ್ತೀರಾದರೆ ಹುಷಾರು. ಅದರ ಎಣ್ಣೆ ಬೇಗ ಕಮಟಾಗುತ್ತೆ, ಒಂದು ಸಲಕ್ಕೆ ಒಂದೆರಡು ಕೆಜಿಗಿಂತ ಹೆಚ್ಚು ಮಾಡಬೇಡಿ. ಮಾರುವ ಮುಂಚೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಆ ನೋಂದಣಿಯ 14 ಅಂಕಿಯ ಸಂಖ್ಯೆ, ಸಾಮಗ್ರಿ, ನಿವ್ವಳ ತೂಕ, ತಯಾರಿಸಿದ ದಿನ, ಸಸ್ಯಾಹಾರದ ಹಸಿರು ಗುರುತು ಇರಲಿ. ನೋಂದಣಿಗೆ ಕೇಳಬಹುದು, ಬಾಡಿಗೆ ಕರಾರು ಪತ್ರ ಕೈಗೆ ಸಿಗುವಂತಿಟ್ಟುಕೊಳ್ಳಿ, ಮಾಲೀಕರಿಗೂ ಮೊದಲೇ ತಿಳಿಸಿ.

ಉತ್ತರ 3: ಬೆಲೆ ಕಟ್ಟುವಾಗ ಹುರಿದು ಬೀಸಿದ ಮೇಲಿನ ತೂಕ ಹಿಡಿಯಿರಿ, ಅಂಗಡಿ ತೂಕವನ್ನಲ್ಲ. ಗ್ಯಾಸ್, ಮಿಲ್ ಕೂಲಿ, ಡಬ್ಬಿ, ನಿಮ್ಮ ದುಡಿಮೆಯ ಕೂಲಿ ಎಲ್ಲವೂ ಸೇರಲಿ. ತಮ್ಮ ಕೂಲಿಯೊಂದನ್ನು ಬಿಟ್ಟೇ ಬಹಳ ಮಂದಿ ನಷ್ಟಕ್ಕೆ ಮಾರುತ್ತಾರೆ. ಒಂದು ಸಲ ಕೊಂಡವರು ತಾವಾಗಿ ಮತ್ತೆ ಕೇಳುವವರೆಗೆ ಶನಿವಾರ, ಭಾನುವಾರ ಮಾತ್ರ ಮಾಡಿ ನೋಡಿ. ರಾಜೀನಾಮೆ ಅಲ್ಲಿವರೆಗೆ ಬೇಡ.